ಬೊಮ್ಮಯ್ಯಾಚಾರಿ ಅಳಿಸಿದ ತಗ್ಗು

ಬಹಳ ಬಹಳ ಹಿಂದೆ, ಹೊಳೆ ಹೋಗಿ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ, ಬೆಳ್ಳಕ್ಕಿಧಕ್ಕೆ ಅಂತ ಒಂದು ಊರು. ಯಾವ ಕಾಲ ಅಂತ ನನ್ನನ್ನು ಕೇಳಬೇಡಿ. ನನಗೆ ಹೇಳಿದ ಅಜ್ಜಿಗೂ ಗೊತ್ತಿರಲಿಲ್ಲ, ಅವಳಿಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಹೊಗೆ ಉಗುಳುವ ಹಡಗು ಆಗ ಅಳಿವೆಯ ಹೊರಗೆ ಬಂದು ನಿಲ್ಲುತ್ತಿತ್ತು, ಜನ ದೋಣಿಯಲ್ಲಿ ಧಕ್ಕೆಗೆ ಬಂದು ಇಳಿಯುತ್ತಿದ್ದರು. ಅಷ್ಟು ತಿಳಿದರೆ ಸಾಕು.

ಆ ಊರಲ್ಲಿ ಬೊಮ್ಮಯ್ಯಾಚಾರಿ ಅಂತ ಒಬ್ಬ ಕಂಚುಗಾರ ಇದ್ದನಂತೆ. ಕಣ್ಣು ಮುಚ್ಚಿಕೊಂಡು ತಂಬಿಗೆಯನ್ನು ಬೆರಳಲ್ಲಿ ಬಡಿದರೆ ಅದು ಯಾರ ಮನೆಯದು ಅಂತ ಹೇಳುತ್ತಿದ್ದನಂತೆ. ಒಡೆದ ಹಂಡೆಯನ್ನು ಅವನು ಬೆಸೆದರೆ ಬೆಸುಗೆ ಎಲ್ಲಿದೆ ಅಂತ ಹಂಡೆಯಲ್ಲಿದ್ದ ನೀರಿಗೂ ಗೊತ್ತಾಗುತ್ತಿರಲಿಲ್ಲವಂತೆ. ತಗ್ಗು ಬಿದ್ದ ಕೊಡಪಾನವನ್ನು ಬೆಳಿಗ್ಗೆ ಕೊಟ್ಟು ಹೋದ ಹೆಂಗಸರು ಸಂಜೆ ಬಂದು, ಇದು ನನ್ನದಲ್ಲ, ಯಾರದೋ ಹೊಸದನ್ನು ಕೊಡುತ್ತಿದ್ದೀರಿ ಅಂತ ಜಗಳ ತೆಗೆಯುತ್ತಿದ್ದರಂತೆ. ಆ ಜಗಳ ಕೇಳುವುದೆಂದರೆ ಅವನಿಗೆ ಊಟಕ್ಕಿಂತ ಹೆಚ್ಚು. ಹೊಗಳಿಕೆಗೆ ಹಿಗ್ಗುವ ಮನುಷ್ಯ ಅವನು, ಅದನ್ನು ಮುಚ್ಚಿಡುವುದು ಏಕೆ.

ಧಕ್ಕೆಯ ಮೇಲೆ ಬೀರಮ್ಮ ಅಂತ ಒಬ್ಬಳ ಅಂಗಡಿ ಇತ್ತು. ಅಂಗಡಿ ಅಂದರೆ ಒಂದು ಚಪ್ಪರ, ಅದರ ಕೆಳಗೆ ಒಂದು ಸೋಡಾ ಪೆಟ್ಟಿಗೆ. ಆಳೆತ್ತರದ ಕೆಂಪು ಕಬ್ಬಿಣದ ಪೆಟ್ಟಿಗೆ. ಮರಳದಿಬ್ಬಕ್ಕೆ ಹತ್ತಿ ಒಡೆದ ಯಾವುದೋ ಪರದೇಶದ ಹಡಗಿನಿಂದ ಬಂದದ್ದು ಅಂತಾರೆ. ಒಳಗೆ ಮಂಜುಗಡ್ಡೆ ಹಾಕಿ ಸೋಡಾ ಬಾಟಲಿ ಜೋಡಿಸಿಡಬೇಕು. ಹೊರಗಿನಿಂದ ಕಾಸು ಹಾಕಿ ಹಿಡಿಕೆ ತಿರುವಿದರೆ ಒಂದು ಬಾಟಲಿ ಗಡಗಡ ಉರುಳಿ ಪೆಟ್ಟಿಗೆಯ ಬಾಯಿಗೆ ಬರುತ್ತಿತ್ತು. ಆ ಬಾಯಿಯ ಸುತ್ತ, ಹೊಟ್ಟೆಯ ಅಡ್ಡಕ್ಕೆ, ನಾಲ್ಕೂ ಅಂಚಿಗೆ ಗೆರೆ ಗೆರೆಯಾಗಿ ಹೊಳೆಯುವ ಹಿತ್ತಾಳೆ ಪಟ್ಟಿಗಳು. ಬಿಸಿಲು ಇಳಿಯುವ ಹೊತ್ತಿಗೆ ಆ ಪಟ್ಟಿಗಳ ಮಿಂಚು ಅಳಿವೆಯ ಆಚೆ ಇದ್ದ ದೋಣಿಗಳಿಗೂ ಕಾಣುತ್ತಿತ್ತಂತೆ.

ಪೆಟ್ಟಿಗೆಯನ್ನು ಊರಿಗೆ ತಂದವನು ಬೀರಮ್ಮನ ಗಂಡ ಜಟ್ಟಪ್ಪ. ಧಕ್ಕೆಯಲ್ಲಿ ಮೂಟೆ ಹೊರುತ್ತಿದ್ದ ಆಳು, ದೊಡ್ಡ ಕೈ, ದೊಡ್ಡ ನಗು. ಒಂದು ವರ್ಷ ಅವನು ಖಲಾಸಿಯಾಗಿ ಹಡಗು ಹತ್ತಿದ. ಹೋಗುವಾಗ ಹೆಂಡತಿಗೆ ಹೇಳಿದ್ದು ಒಂದೇ ಮಾತಂತೆ: ಪಟ್ಟಿ ತಿಕ್ಕಿ ಇಡು, ಅದರ ಹೊಳಪು ನೋಡಿಕೊಂಡು ಬರುತ್ತೇನೆ. ಹೋದವನು ಬರಲಿಲ್ಲ. ಸತ್ತ ಅಂತಲೂ ಸುದ್ದಿ ಬರಲಿಲ್ಲ. ಬೀರಮ್ಮ ದಿನಾ ಬೂದಿ ಹುಣಸೆಹುಳಿ ಹಾಕಿ ಪಟ್ಟಿ ತಿಕ್ಕಿದಳು. ತಿಕ್ಕಿ ತಿಕ್ಕಿ ಅರ್ಧ ಸವೆಯಿತು, ಉಳಿದದ್ದನ್ನು ಉಪ್ಪುಗಾಳಿ ತಿಂದಿತು. ಪಟ್ಟಿ ಕಪ್ಪಾಯಿತು, ಮೊಳೆ ಬಿಟ್ಟು ಜೋತಾಡಿತು. ಕಡೆಗೆ ಒಂದು ಮಳೆಗಾಲದ ಗಾಳಿಗೆ ಮೇಲಿನ ಪಟ್ಟಿ ಹಾರಿ ಹೊಳೆಗೆ ಬಿತ್ತು.

ಆಗ ಬೀರಮ್ಮ ಕಂಚುಗಾರನ ಬಾಗಿಲಿಗೆ ಬಂದಳು.

"ಆಚಾರ್ರೆ, ಪಟ್ಟಿ ಹೊಳೀಬೇಕು. ಅಳಿವೆಯಿಂದ ಕಾಣಬೇಕು. ಇಲ್ದಿದ್ರೆ ಅವ್ರು ಹೆಂಗೆ ಬತ್ರು?"

ಬೊಮ್ಮಯ್ಯಾಚಾರಿ ಎರಡು ಮಾತಾಡಲಿಲ್ಲ. ಪಾತ್ರೆಗಳನ್ನೆಲ್ಲ ಬದಿಗೆ ಸರಿಸಿದ. ಪೆಟ್ಟಿಗೆಯ ಮೇಲೆ ಉಳಿದಿದ್ದ ಪಟ್ಟಿಗಳನ್ನು ನೋವಾಗದ ಹಾಗೆ ಕಿತ್ತ, ಇದ್ದಿಲು ತಿಕ್ಕಿ ಅವುಗಳ ಗೆರೆಗಳನ್ನು ಬಟ್ಟೆಗೆ ಇಳಿಸಿಕೊಂಡ. ಜಾಲಿ ಮರದಲ್ಲಿ ಅಚ್ಚು ಕೊರೆದ. ಇನ್ನು ಆ ಕಡೆಯ ಕಂಚುಗಾರರಲ್ಲಿ ಒಂದು ಪದ್ಧತಿ ಉಂಟು. ಹಳೆಯ ವಸ್ತುವಿಗೆ ಹೊಸ ಭಾಗ ಮಾಡುವಾಗ ಹಳೆಯ ಲೋಹವನ್ನು ಮೂಸೆಯಲ್ಲಿ ಕರಗಿಸಿ ಹೊಸದರಲ್ಲಿ ಬೆರೆಸಲೇಬೇಕು. ಬೆರೆಸದಿದ್ದರೆ ಹೊಸ ಭಾಗ ಹಳೆಯದಕ್ಕೆ ಹೊಂದುವುದಿಲ್ಲ ಅಂತಾರೆ. ಬೊಮ್ಮಯ್ಯನೂ ಹಾಗೇ ಮಾಡಿದ. ಹಳೆಯ ಪಟ್ಟಿಗಳನ್ನೆಲ್ಲ ಕರಗಿಸಿದ, ಹೊಸ ಹಿತ್ತಾಳೆ ಸೇರಿಸಿದ, ಬಡಿದು ತಗಡು ಮಾಡಿದ, ಅಚ್ಚಿಗಿಟ್ಟು ಗೆರೆ ಎಬ್ಬಿಸಿದ. ಮೂಲೆಯಲ್ಲಿ ತಗಡು ಬಾಗದೆ ಸೀಳಿದಾಗ ಮತ್ತೆ ಕಾಯಿಸಿದ, ಮತ್ತೆ ಬಡಿದ. ಮೇಲೆ ಕಲಾಯಿ ಹಾಕಿದ. ಅಂಥ ಕೆಲಸವನ್ನು ಅವನ ಕೈ ಹಿಂದೆಂದೂ ಮಾಡಿರಲಿಲ್ಲವಂತೆ.

ಕೂರಿಸಿದ ದಿನ ಊರೆಲ್ಲ ಧಕ್ಕೆಗೆ ಬಂತು. ಬಿಸಿಲು ಬಿದ್ದದ್ದೇ ತಡ, ಪಟ್ಟಿ ಝಗ್ ಅಂತು. ಅಳಿವೆಯಾಚೆ ಬಲೆ ಬಿಡುತ್ತಿದ್ದವರು ಕೈಯೆತ್ತಿ ಕೂಗಿದರಂತೆ. ಬೊಮ್ಮಯ್ಯಾಚಾರಿ ಮೀಸೆಯೊಳಗೇ ನಕ್ಕ. ಬೀರಮ್ಮ ಕಾಸು ಹಾಕಿ ಹಿಡಿಕೆ ತಿರುವಿದಳು. ಬಾಟಲಿ ಬರಲಿಲ್ಲ. ಅದು ಮೊದಲಿನಿಂದಲೂ ಹಾಗೆಯೇ, ನಡುವೆ ಸಿಕ್ಕಿಕೊಳ್ಳುತ್ತಿತ್ತು. ಅವಳು ಮುಷ್ಟಿ ಎತ್ತಿ ಬಾಯಿಯ ಪಕ್ಕದ ಪಟ್ಟಿಯ ಮೇಲೆ ಇಟ್ಟಳು. ಗುದ್ದಲಿಲ್ಲ. ಕೈ ಬಿಡಿಸಿ ಪಟ್ಟಿಯ ಉದ್ದಕ್ಕೂ ಸವರಿದಳು. ಮೇಲಕ್ಕೆ ಸವರಿದಳು, ಕೆಳಕ್ಕೆ ಸವರಿದಳು.

"ಇಲ್ಲೊಂದು ತಗ್ಗಿತ್ತಲ್ರಾ."

ಇತ್ತು, ತೆಗೆದುಬಿಟ್ಟೆ, ಈಗ ಹುಡುಕಿದರೂ ಸಿಗುವುದಿಲ್ಲ ಅಂತ ಬೊಮ್ಮಯ್ಯಾಚಾರಿ ಹೆಮ್ಮೆಯಿಂದಲೇ ಹೇಳಿದ.

ಬೀರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಾಟಲಿ ಸಿಕ್ಕಿಕೊಂಡಾಗಲೆಲ್ಲ ಜಟ್ಟಪ್ಪ ಅಲ್ಲಿ ಗುದ್ದುತ್ತಿದ್ದ, ಗುದ್ದಿ ಗುದ್ದಿ ಅವನ ಮುಷ್ಟಿಯಷ್ಟೇ ತಗ್ಗಾಗಿತ್ತು, ಅವನು ಹೋದ ಮೇಲೆ ತಾನು ಅದರೊಳಗೇ ಕೈ ಇಟ್ಟು ಗುದ್ದುತ್ತಿದ್ದೆ ಅಂತ ಮೆಲ್ಲಗೆ ಹೇಳಿದಳು. ಅವನ ಮುಷ್ಟಿಯ ತಗ್ಗಿನೊಳಗೆ ತನ್ನದು ಸಲೀಸಾಗಿ ಕೂರುತ್ತಿತ್ತು, ಸುತ್ತ ಜಾಗ ಉಳಿಯುತ್ತಿತ್ತು ಅಂದಳು. ಆಮೇಲೆ, ಪಟ್ಟಿ ಬಹಳ ಚೆಂದಾಗಿದೆ ಅಂತಲೂ ಹೇಳಿ ಚಪ್ಪರದ ಹಿಂದೆ ಹೋದಳು.

ಬೊಮ್ಮಯ್ಯಾಚಾರಿ ತನ್ನ ಕುಲುಮೆಗೆ ಓಡಿದ. ಹಳೆಯ ಪಟ್ಟಿ ಇದ್ದಿದ್ದರೆ ತಂದು ಹಚ್ಚಿಬಿಡುತ್ತಿದ್ದ. ಅದು ಮೂಸೆಯಲ್ಲಿ ಕರಗಿ ಎಲ್ಲ ಪಟ್ಟಿಗಳಲ್ಲೂ ಸೇರಿಹೋಗಿತ್ತು. ಸುತ್ತಿಗೆ ಹಿಡಿದು ಬೇರೆ ತಗಡಿನ ಮೇಲೆ ತಗ್ಗು ಮಾಡಿ ನೋಡಿದ. ಸುತ್ತಿಗೆಯ ತಗ್ಗು ಸುತ್ತಿಗೆಯದ್ದೇ. ಜಟ್ಟಪ್ಪನ ಜೊತೆ ಮೂಟೆ ಹೊತ್ತ ಹಮಾಲರನ್ನು ಕರೆದ. ಅವರು ಸಾಲಾಗಿ ಬಂದು ಆ ತಗಡಿಗೆ ಗುದ್ದಿದರಂತೆ, ಒಬ್ಬನಂತೂ ಬೆರಳು ಮುರಿದುಕೊಂಡನಂತೆ. ಬೀರಮ್ಮ ಪ್ರತಿ ಸಲವೂ ಕೈ ಇಟ್ಟು ನೋಡಿ, ಅಲ್ಲ ಅಂದಳು. ಅವರಿಗೆ ಬೇಸರವಾಗಬಾರದು ಅಂತ ಎಲ್ಲರಿಗೂ ಸೋಡಾ ಕೊಟ್ಟಳು.

ಅಂದು ಬೊಮ್ಮಯ್ಯಾಚಾರಿ ಮನೆಗೆ ಹೋಗಿ ಅಡುಗೆಮನೆಯಲ್ಲಿ ಕೂತ. ಅವನ ಹೆಂಡತಿ ಗಣಪಿ ತೀರಿಕೊಂಡು ಬಹಳ ಕಾಲವಾಗಿತ್ತು. ದುಡುಕು ಕೈಯವಳು. ಬಾವಿಕಟ್ಟೆಗೆ ಕೊಡಪಾನ ಕುಟ್ಟುತ್ತಿದ್ದಳು, ಸಿಟ್ಟು ಬಂದರೆ ಚೆಂಬು ಎಸೆಯುತ್ತಿದ್ದಳು. ಅವನು ಒಂದೊಂದು ಪಾತ್ರೆಯನ್ನೂ ತೆಗೆದು ತೊಡೆಯ ಮೇಲಿಟ್ಟುಕೊಂಡು ಸವರಿದ. ಕೊಡಪಾನ ಸವರಿದ, ಚೆಂಬು ಸವರಿದ, ಹಂಡೆಯ ಸುತ್ತ ಕೈಯಾಡಿಸಿದ. ಎಲ್ಲವೂ ನುಣುಪು. ಅವಳು ಬೀಳಿಸಿದ್ದನ್ನೆಲ್ಲ ಆಯಾ ದಿನವೇ ತಟ್ಟಿ ಸರಿಮಾಡಿದ್ದ. ಇಡೀ ಮನೆಯಲ್ಲಿ ಗಣಪಿಯ ಕೈಯ ಗುರುತು ಒಂದೂ ಇರಲಿಲ್ಲ. ಅಷ್ಟು ವರ್ಷ ಅಳದ ಮನುಷ್ಯ ಅಂದು ಹಂಡೆಗೆ ತಲೆಯಿಟ್ಟು ಅತ್ತನಂತೆ.

ಮರುದಿನ ಅವನು ಧಕ್ಕೆಗೆ ಹೋಗಿ ಬಾಯಿಯ ಪಕ್ಕದ ಪಟ್ಟಿ ಒಂದನ್ನೇ ಬಿಚ್ಚಿ ತಂದ. ಬಡಿದ ಹಿತ್ತಾಳೆ ಗಟ್ಟಿಯಾಗಿರುತ್ತದೆ, ಕೆಂಪಗೆ ಕಾಯಿಸಿ ಬಿಟ್ಟರೆ ಮೆತ್ತಗಾಗುತ್ತದೆ. ಅದನ್ನು ಕಾಯಿಸಿ ಮೆತ್ತಗೆ ಮಾಡಿದ, ಮತ್ತೆ ಕಲಾಯಿ ಹಾಕಿ ತಂದು ಕೂರಿಸಿದ.

"ಅವ್ನ ತಗ್ಗು ನನ್ ಕೈಲಿ ಆಗೂದಿಲ್ಲ, ತಂಗಿ. ತಪ್ಪು ನಂದೇ. ಇನ್ ಮೇಲೆ ನೀನೇ ಗುದ್ದು. ಅವ್ನು ಬಂದ್ರೆ ನಿನ್ ಕೈ ಎಲ್ಲಿತ್ತು ಅಂತ ಅವ್ನಿಗೂ ತಿಳೀಲಿ."

ಬೀರಮ್ಮ ಪಟ್ಟಿಯನ್ನು ಒಮ್ಮೆ ಸವರಿದಳು. ಆಮೇಲೆ ಕಾಸು ಹಾಕಿದಳು, ಹಿಡಿಕೆ ತಿರುವಿದಳು, ಗುದ್ದಿದಳು. ಬಾಟಲಿ ಉರುಳಿ ಬಂತು. ಅದನ್ನು ಒಡೆದು ಬೊಮ್ಮಯ್ಯಾಚಾರಿಗೆ ಕೊಟ್ಟಳು. ಅವನು ಕುಡಿದ.

ವರ್ಷಗಳು ಹೋದವು. ಪಟ್ಟಿಯಲ್ಲಿ ಸಣ್ಣದೊಂದು ತಗ್ಗು ಬಿತ್ತು, ಹೆಂಗಸಿನ ಮುಷ್ಟಿಯಷ್ಟು. ಜಟ್ಟಪ್ಪ ಬಂದನೇ? ಬಂದ, ಬಿಳಿಗೂದಲ ಮುದುಕನಾಗಿ ಬಂದು ಆ ತಗ್ಗಿಗೆ ಬೆರಳಿಟ್ಟು ನಿಂತಿದ್ದ ಅಂತ ಕೆಲವರು ಹೇಳುತ್ತಾರೆ. ಬರಲಿಲ್ಲ ಅಂತ ನನ್ನ ಅಜ್ಜಿ ಹೇಳುತ್ತಿದ್ದಳು. ಬಂದಿದ್ದರೆ ಚೆನ್ನಾಗಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಪೆಟ್ಟಿಗೆ ಈಗಿಲ್ಲ, ಧಕ್ಕೆಯೂ ಹೂತುಹೋಗಿದೆ. ಆದರೆ ಆ ಕಡೆ ಇಂದಿಗೂ ಪಾತ್ರೆ ತಟ್ಟಿಸಲು ಕೊಡುವ ಮೊದಲು ಮನೆಯವರು ಅದನ್ನು ಒಮ್ಮೆ ಸವರಿ ನೋಡುತ್ತಾರೆ. ಎಲ್ಲಾದರೂ ಒಂದು ತಗ್ಗಿನ ಮೇಲೆ ಕೈ ನಿಂತರೆ ಅಲ್ಲಿ ಸುಣ್ಣದ ಬೊಟ್ಟು ಇಡುತ್ತಾರೆ. ಕಂಚುಗಾರ ಆ ಬೊಟ್ಟು ಬಿಟ್ಟು ಉಳಿದದ್ದನ್ನೆಲ್ಲ ತಟ್ಟಿ ನುಣುಪು ಮಾಡುತ್ತಾನೆ. ಅದು ಯಾರ ಕೈಯದು ಅಂತ ಕೇಳುವುದಿಲ್ಲ.