ಹಗೇವಿನ ಭರಮಣ್ಣನ ಉಸಿರು

ಹಿಂದೆ ಯಾವುದೋ ಕಾಲದಲ್ಲಿ, ಎರೆಸೀಮೆಯ ಒಂದೂರಿನಲ್ಲಿ ಭರಮಣ್ಣ ಅಂತ ಒಬ್ಬನಿದ್ದನಂತೆ. ಹಗೇವು ಇಳಿಯುವುದು ಅವನ ಕಸುಬು. ಹಗೇವು ಅಂದರೆ ನಿಮಗೆಲ್ಲಿ ಗೊತ್ತು! ನೆಲದೊಳಗೆ ಆಳವಾಗಿ ತೋಡಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿ ವರ್ಷಗಟ್ಟಲೆ ಇಡುತ್ತಿದ್ದರು.

ಭರಮಣ್ಣನ ಎದೆ ಕಮ್ಮಾರನ ತಿದಿಯಷ್ಟು ದೊಡ್ಡದಂತೆ. ಬೆಳಿಗ್ಗೆ ಕೆರೆಯಲ್ಲಿ ಮುಳುಗಿದರೆ ಮಧ್ಯಾಹ್ನದ ಬುತ್ತಿಗೆ ಏಳುತ್ತಿದ್ದನಂತೆ. ಅಷ್ಟು ಸುಳ್ಳನ್ನು ನಾನೂ ನಂಬುವುದಿಲ್ಲ ಬಿಡಿ. ಆದರೆ ಉಸಿರು ಕಟ್ಟುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ, ಸೊಕ್ಕಿನಲ್ಲೂ ಇರಲಿಲ್ಲ.

ಹಗೇವು ತೆರೆದರೆ ಒಂದು ದಿನ ಬಾಯಿ ಬಿಟ್ಟಿಡಬೇಕು, ಆಮೇಲೆ ದೀಪ ಇಳಿಸಬೇಕು, ದೀಪ ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ಇದು ಹಿರಿಯರ ಕಟ್ಟಳೆ. ಯಾಕೆ ಅಂದರೆ, ನಮ್ಮ ಎದೆಯೊಳಗೆ ಹಾಲಿನ ನೊರೆಯ ಹಾಗೆ ಸಣ್ಣ ಸಣ್ಣ ಗುಳ್ಳೆಗಳಿವೆ. ಅವುಗಳ ಗೋಡೆ ಈರುಳ್ಳಿ ಪೊರೆಗಿಂತ ತೆಳು. ಮೈಯೆಲ್ಲ ಸುತ್ತಿದ ರಕ್ತ ಆ ಗೋಡೆಯ ಪಕ್ಕಕ್ಕೆ ಬಂದು, ಬಳಸಿದ ಗಾಳಿಯನ್ನು ಇಳಿಸಿ, ಜೀವದ ಗಾಳಿಯನ್ನು ಹೊತ್ತುಕೊಂಡು ಹೋಗುತ್ತದೆ. ಈ ಕೊಡುವುದು ತಗೊಳ್ಳುವುದು ನಿಂತರೆ ಮನುಷ್ಯನೂ ನಿಂತ. ಜೋಳವೂ ಉಸಿರಾಡುತ್ತದೆ. ಮುಚ್ಚಿದ ಹಗೇವಿನಲ್ಲಿ ಜೀವದ ಗಾಳಿಯನ್ನು ಅದೇ ಮುಗಿಸಿರುತ್ತದೆ. ಆ ಗಾಳಿ ಇಲ್ಲದ ಕಡೆ ದೀಪವೂ ಉರಿಯದು. ಭರಮಣ್ಣನಿಗೆ ಇದೆಲ್ಲ ಬೇಕಿರಲಿಲ್ಲ. ದೀಪ ಇರುವುದು ಪುಕ್ಕಲರಿಗೆ ಅನ್ನುತ್ತಿದ್ದನಂತೆ.

ಒಂದು ಸಲ ಅವನ ಮನೆಯಲ್ಲಿ ಮದುವೆ. ಬೀಗರು ಮೊದಲೇ ಬಂದು ಕೂತರು, ಮನೆಯಲ್ಲಿ ಜೋಳವಿಲ್ಲ. ಅವಸರದಲ್ಲಿ ಹಗೇವಿನ ಕಲ್ಲು ಸರಿಸಿದರು. ಭರಮಣ್ಣನ ಹೆಂಡತಿ ದುರಗವ್ವ, ಅವಳ ತಮ್ಮ ಹುಚ್ಚೀರಪ್ಪ. ಅವನು ದೀಪ ಇಳಿಸಿದ. ಅರ್ಧಕ್ಕೇ ಆರಿತು. ಇವತ್ತು ಬೇಡ, ನಾಳೆ ಇಳಿಯೋಣ ಅಂದನಂತೆ. ಬೀಗರ ಮುಂದೆ ಭರಮಣ್ಣನಿಗೆ ಮಾನ ಹೋದ ಹಾಗಾಯಿತು. ಎಲ್ಲರಿಗೂ ಕೇಳುವ ಹಾಗೆ ಅಂದುಬಿಟ್ಟ:

"ಅಂಜಿಕಿ ಬಂದ್ರ ಕೈಗೆ ಬಳಿ ಇಟಗೊಂಡು ಒಳಗ ಕುಂದ್ರಲೇ!"

ನೆರೆದವರೆಲ್ಲ ನಕ್ಕರಂತೆ. ನಗು ಮುಗಿಯುವುದರೊಳಗೆ ಹುಚ್ಚೀರಪ್ಪ ಇಳಿದಿದ್ದ. ಆಮೇಲೆ ಬಿದ್ದ ಸದ್ದು ಕೇಳಿತು, ಮತ್ತೇನೂ ಕೇಳಲಿಲ್ಲ.

ಭರಮಣ್ಣ ಸೊಂಟಕ್ಕೆ ಹಗ್ಗ ಬಿಗಿದು, ಉಸಿರು ಕಟ್ಟಿ ಇಳಿದ. ಕತ್ತಲಲ್ಲಿ ತಡಕಾಡಿ ಅವನನ್ನು ತಬ್ಬಿಕೊಳ್ಳುವಷ್ಟರಲ್ಲಿ ಕಟ್ಟಿದ ಉಸಿರು ತೀರಿತು. ಬಾಯಿ ತೆರೆದು ಎಳೆದುಕೊಂಡ. ಎದೆ ತುಂಬಿತಂತೆ, ಜೀವ ಬರಲಿಲ್ಲವಂತೆ. ಮೇಲಿದ್ದವರು ಇಬ್ಬರನ್ನೂ ಎಳೆದು ಹಾಕಿದರು. ಭರಮಣ್ಣ ಬದುಕಿದ. ಹುಚ್ಚೀರಪ್ಪ ಬದುಕಲಿಲ್ಲ.

ದುರಗವ್ವ ಅಳಲಿಲ್ಲವಂತೆ. ಗಂಡನ ಹತ್ತಿರ ಬಂದು ಕೇಳಿದಳಂತೆ, "ಊರಾಗ ನಿಂದ ದೊಡ್ಡ ಉಸಿರಂತ. ನನ್ನ ತಮ್ಮಗ ಒಂದು ಕೊಡಾಕ ಬಂತೇನು?"

ಅವತ್ತಿನಿಂದ ಭರಮಣ್ಣ ತಲೆ ಎತ್ತಲಿಲ್ಲ. ಕಟ್ಟೆಗೆ ಬರಲಿಲ್ಲ. ನೀರಿಗೆ ಹೋಗುವ ಹೆಂಗಸರು ಎದುರಾದರೆ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದನಂತೆ. ನಕ್ಕವರಿಗೂ ನಾಚಿಕೆ ಇತ್ತು, ಆದರೆ ಅವರು ಅದನ್ನು ಅವನ ಮೇಲೆ ಹಾಕಿ ಹಗುರಾದರು. ಅವರು ನಮ್ಮ ಹಿರಿಯರೇ. ಹೇಳುವಾಗ ನನಗೂ ತಲೆ ತಗ್ಗುತ್ತದೆ.

ಮತ್ತೊಂದು ಹಗೇವು ತೆರೆದ ದಿನ ಅವನು ಕರೆಯದೆ ಬಂದನಂತೆ. ಊರ ಮುಂದೆ ಕೈ ಮುಗಿದು, ನನಗೆ ಅಂಜಿಕೆಯಾಗುತ್ತದೆ ಅಂತ ಕೂಗಿ ಹೇಳಿದನಂತೆ. ಒಬ್ಬರೂ ನಗಲಿಲ್ಲ.

ಈಗ ಹಗೇವುಗಳಿಲ್ಲ. ಆದರೂ ಹಾಳು ಬಾವಿಗೆ ಇಳಿಯುವ ಮೊದಲು, ಆ ಊರಿನಲ್ಲಿ ಎಲ್ಲರಿಗಿಂತ ಗಟ್ಟಿ ಆಳು ಮುಂದೆ ಬಂದು, "ನನಗ ಅಂಜಿಕಿ ಐತಿ" ಅನ್ನಬೇಕು. ದುರಗವ್ವನ ತವರಿನವರು ಯಾರಾದರೂ ಅಲ್ಲಿದ್ದರೆ, ಅವರಿಗೆ ಕೇಳುವ ಹಾಗೆ ಅನ್ನಬೇಕು.