ಹದಿನಾಲ್ಕನೇ ನಿಯಮ

ಶಾಲೆ ತಪಾಸಣೆಗೆ ಬಂದ ಸಾಹೇಬರಿಗೆ ಬಾಯಿಪಾಠ ಅಂದರೆ ಪ್ರಾಣ. ಆರನೇ ತರಗತಿಯ ಹುಡುಗಿಯೊಬ್ಬಳು, "ಸಾರ್, ಪದ್ಯದ ಅರ್ಥ ಹೇಳಲಾ?" ಅಂದಳು.

"ಅರ್ಥ ಕಟ್ಕೊಂಡು ನನಗೇನಾಗಬೇಕು? ಒಪ್ಪಿಸು!" ಅಂತ ಗದರಿದ್ದು ಅಡುಗೆಮನೆಗೂ ಕೇಳಿಸಿತು.

ಅಲ್ಲಿ ಅಡುಗೆಯ ಚೌಡಮ್ಮ ಅವರ ಕಾಫಿಗೇ ಹಾಲಿಟ್ಟಿದ್ದಳು. ಸಾಹೇಬರು ಒಳಗೆ ಬಂದರು. ಗೋಡೆಯ ಮೇಲೆ ಅಡುಗೆಮನೆಯ ಇಪ್ಪತ್ತು ನಿಯಮಗಳು ಕಂಡದ್ದೇ ತಡ, "ಕೈಕಟ್ಟಿ ನಿಂತು ಇದನ್ನೆಲ್ಲ ಒಪ್ಪಿಸು. ನಡುವೆ ನಿಲ್ಲಿಸಿದರೆ ಕೆಲಸ ಹೋಯ್ತು ಅಂದ್ಕೋ!" ಅಂದರು.

ಚೌಡಮ್ಮ ಗೋಡೆಗೆ ಬೆನ್ನು ಮಾಡಿ, ಕೈಕಟ್ಟಿ ಶುರುಮಾಡಿದಳು. "ನಿಯಮ ಒಂದು. ಕೈ ತೊಳೆಯತಕ್ಕದ್ದು..."

ಆರನೇ ನಿಯಮಕ್ಕೆ ಹಾಲು ಬುಸುಗುಟ್ಟಿತು.

"ಹಾಲು ನೋಡು!" ಅಂದರು ಸಾಹೇಬರು.

"ನಿಯಮ ಏಳು. ಉಗುರು ಕತ್ತರಿಸತಕ್ಕದ್ದು."

"ಅಯ್ಯೋ, ಉಕ್ತಾ ಇದೆ ಕಣಮ್ಮಾ!"

"ನಿಯಮ ಎಂಟು. ಅಡುಗೆಮನೆಯಲ್ಲಿ ಕೂಗಾಡತಕ್ಕದ್ದಲ್ಲ."

ಸಾಹೇಬರೇ ಹಾರಿ ಒಲೆ ಆರಿಸಿದರು. ಅಷ್ಟರಲ್ಲಿ ಹಾಲೆಲ್ಲ ಅವರ ಬೂಟಿನ ಮೇಲಿತ್ತು.

"ಹಾಲು ಉಕ್ಕಿದರೆ ಒಲೆ ಆರಿಸಬೇಕು ಅಂತ ಗೊತ್ತಿಲ್ವಾ ನಿನಗೆ?"

"ಗೊತ್ತು ಸ್ವಾಮಿ. ಅದು ಹದಿನಾಲ್ಕನೇ ನಿಯಮ. ಇನ್ನೂ ಅಲ್ಲಿಗೆ ಬಂದಿರಲಿಲ್ಲ."

ಸಾಹೇಬರು ಕರಿಕಾಫಿ ಕುಡಿದು, ಪಚಪಚ ಅನ್ನುವ ಬೂಟಿನಲ್ಲಿ ಮತ್ತೆ ತರಗತಿಗೆ ಹೋದರು.

"ಆಗ ಅರ್ಥ ಹೇಳ್ತೀನಿ ಅಂದೋಳು ಯಾರಮ್ಮಾ?"