ಕಿಂಡಿಯಲ್ಲಿ ಬಂದ ಕೈ

"ಗುರುಗಳೇ, ಎಲ್ಲ ಜೀವಿಗಳನ್ನೂ ತಾಯಿಯೆಂದು ಕಾಣಲು ಎಷ್ಟು ಕಾಲ ಬೇಕು?" ಎಂದು ಲೋದೆನ್ ಕೇಳಿದ.

ಮರುದಿನ ಅವನು ಗುಹೆ ಸೇರಬೇಕಿತ್ತು. ಮೂರು ವರ್ಷದ ಏಕಾಂತ. ಗುರುಗಳು ಹೂಂ ಅನ್ನುವುದೊಂದೇ ಬಾಕಿ.

"ಎಲ್ಲ ಸಿದ್ಧವಾಗಿದೆ. ಕಂಬಳಿ, ಜಪಮಾಲೆ, ಗ್ರಂಥ. ಊಟವನ್ನೂ ಯಾರೋ ತಂದುಕೊಡುತ್ತಾರೆ," ಎಂದು ತಾನಾಗಿಯೇ ಸೇರಿಸಿದ.

ಗುರು ಅವನನ್ನು ಒಮ್ಮೆ ನೋಡಿದರು. ಆಮೇಲೆ ಕತೆ ಶುರುಮಾಡಿದರು.

ಹಿಮದ ನಾಡಿನಲ್ಲಿ ಒಬ್ಬ ಸಾಧಕನಿದ್ದ. ಅವನೂ ಇದೇ ವ್ರತ ಹಿಡಿದ. ಗುಹೆಯ ಬಾಯಿಗೆ ಕಲ್ಲು ಮಣ್ಣಿನ ಗೋಡೆ ಕಟ್ಟಿಸಿಕೊಂಡು ಒಳಗೆ ಕುಳಿತ. ಗೋಡೆಯಲ್ಲಿ ಒಂದು ಕಿಂಡಿ ಮಾತ್ರ ಬಿಟ್ಟಿದ್ದರು. ದಿನಕ್ಕೊಮ್ಮೆ ಒಂದು ಕೈ ಅದರೊಳಗೆ ಬರುತ್ತಿತ್ತು. ಹುರಿದ ಬಾರ್ಲಿ ಹಿಟ್ಟಿನ ಉಂಡೆ, ಒಂದು ಬಟ್ಟಲು ಬೆಣ್ಣೆ ಚಹಾ ಇಟ್ಟು ಹೋಗುತ್ತಿತ್ತು. ಮಾತನಾಡುವಂತಿಲ್ಲ, ಅದು ನಿಯಮ.

ಧ್ಯಾನದ ಮೊದಲ ಮೆಟ್ಟಿಲು ನಿನಗೂ ಗೊತ್ತು. ಹೆತ್ತ ತಾಯಿಯನ್ನು ನೆನೆಯಬೇಕು. ತುತ್ತಿಟ್ಟ ಅವಳ ಕೈಯನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. ಆ ಮಮತೆಯನ್ನೇ ಆಮೇಲೆ ನೆರೆಯವನಿಗೆ, ಹಗೆಯವನಿಗೆ, ಯಾಕ್ ದನಕ್ಕೆ, ಹೇನಿಗೆ ಹಬ್ಬಿಸಬೇಕು. ಎಣಿಕೆಗೆ ಸಿಗದ ಜನ್ಮಗಳಲ್ಲಿ ಇವರೆಲ್ಲ ಒಮ್ಮೆಯಾದರೂ ನಮ್ಮನ್ನು ಹೆತ್ತವರೇ. ಸಾಧಕ ಶ್ರದ್ಧೆಯಿಂದ ಮಾಡಿದ. ಮೈಮೇಲಿನ ಹೇನನ್ನೂ "ಅಮ್ಮಾ" ಎಂದು ಕರೆದು ಮೆಲ್ಲಗೆ ಪಕ್ಕಕ್ಕಿಟ್ಟ.

ಅವನಿಗಿದ್ದ ಕಿರಿಕಿರಿ ಒಂದೇ. ಕಿಂಡಿಯ ಕೈ ನಡುಗುತ್ತಿತ್ತು, ಚಹಾ ಚೆಲ್ಲುತ್ತಿತ್ತು. ಎರಡನೆಯ ವರ್ಷ ತಡೆಯಲಾರದೆ ಮೌನ ಮುರಿದ.

"ಏ ಮುದುಕಿ, ನೆಟ್ಟಗೆ ಹಿಡಿಯೋಕೆ ಬರಲ್ವಾ? ನನ್ನ ಧ್ಯಾನವೆಲ್ಲ ಕೆಟ್ಟುಹೋಯಿತು!"

ಮರುದಿನದಿಂದ ಬಟ್ಟಲನ್ನು ಎರಡು ಕೈಗಳು ಹಿಡಿದು ತಂದವು.

ಕೊನೆಯ ತಿಂಗಳು ಮತ್ತೆ ಒಂದೇ ಕೈ ಬರತೊಡಗಿತು. ಒಂದು ಹನಿಯೂ ಚೆಲ್ಲಲಿಲ್ಲ. ಅಂತೂ ಕಲಿತಳು, ಎಂದು ಸಾಧಕ ಸಮಾಧಾನಪಟ್ಟ.

ಮೂರು ವರ್ಷ ತುಂಬಿತು. ಯಾಕ್ ಕಾಯುವವನೊಬ್ಬ ಬಂದು ಗೋಡೆ ಒಡೆದ. ಸಾಧಕ ಬೆಳಕಿಗೆ ಕೈ ಅಡ್ಡ ಹಿಡಿದು ಹೊರಬಂದ.

"ಊಟ ತರುತ್ತಿದ್ದ ಆ ಮುದುಕಿಯನ್ನು ಕರೆಯಪ್ಪ. ಹರಸಬೇಕು," ಎಂದ.

"ಅವಳು ತೀರಿಕೊಂಡು ತಿಂಗಳಾಯಿತಲ್ಲ ಸ್ವಾಮಿ. ಆಮೇಲೆ ತಂದವನು ನಾನು. ಗಂಡಸಿನ ಕೈ ಅಂತಲೂ ತಿಳಿಯಲಿಲ್ಲವಾ?" ಎಂದ ಅವನು. "ಅವಳು ಮಾತ್ರ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು, ನನ್ನ ಮಗ ಒಳಗೆ ಕೂತು ನನ್ನನ್ನೇ ಧ್ಯಾನಿಸುತ್ತಿದ್ದಾನೆ ಅಂತ."

ಗುರು ಕತೆ ನಿಲ್ಲಿಸಿದರು.

ಬೆಳಿಗ್ಗೆಯಷ್ಟೇ ಲೋದೆನ್‌ನ ತಾಯಿ ಅವನಿಗೆಂದು ಬಾರ್ಲಿ ಹುರಿಯುತ್ತ ಕುಳಿತಿದ್ದಳು. ಅವಳ ಕೈ ಹೇಗಿದೆ ಎಂದು ನೆನೆಯಲು ನೋಡಿದ. ನೆನಪಾಗಲಿಲ್ಲ.

"ಆಮೇಲೆ ಅವನು..." ಎಂದು ತೊದಲಿದ.

"ಅವನ ಮಾತು ಬಿಡು," ಎಂದರು ಗುರು. "ನಿನಗೆ ಊಟ ಯಾರೋ ತರುತ್ತಾರೆ ಅಂದೆಯಲ್ಲ, ಯಾರು?"